ಹಾಸನದಿಂದ ದಿಲ್ಲಿಗೆ ಎಷ್ಟು ಹೊತ್ತು? ಲೆಕ್ಕ ಹಾಕುವುದು ಹೀಗೆ

ವಿಮಾನದಲ್ಲಿ ಹೊರಟವರು ಮೊದಲು ನೋಡುವುದು ಟಿಕೆಟ್‌ನಲ್ಲಿರುವ ಹಾರಾಟದ ಅವಧಿಯನ್ನು. ಹಾಸನದವರಿಗೆ ಅದೊಂದೇ ಸಾಲದು. ನಮ್ಮ ಪ್ರಯಾಣ ಶುರುವಾಗುವುದು ಮನೆ ಬಾಗಿಲಿಂದ, ಲೆಕ್ಕವೂ ಅಲ್ಲಿಂದಲೇ ಶುರುವಾಗಬೇಕು.

ಮೊದಲು ದೂರ. ನಾವು ವಿಮಾನ ಹತ್ತುವ ಬೆಂಗಳೂರಿನಿಂದ ದಿಲ್ಲಿಗೆ ರಸ್ತೆಯಲ್ಲಿ 2,100 ಕಿ.ಮೀ.ಗೂ ಹೆಚ್ಚು. ಆಕಾಶದಲ್ಲಿ ಅಷ್ಟಿಲ್ಲ. ಎರಡೂ ಊರು ಹೆಚ್ಚುಕಮ್ಮಿ ಒಂದೇ ರೇಖಾಂಶದ ಮೇಲಿರುವುದರಿಂದ ಶಾಲೆಯ ಅಟ್ಲಾಸ್ ಹಿಡಿದು ನೀವೇ ಲೆಕ್ಕ ಮಾಡಬಹುದು. ದೇವನಹಳ್ಳಿಯ ವಿಮಾನ ನಿಲ್ದಾಣ 13.2 ಡಿಗ್ರಿ ಅಕ್ಷಾಂಶದಲ್ಲಿದೆ, ದಿಲ್ಲಿಯದು 28.6ರಲ್ಲಿ. ವ್ಯತ್ಯಾಸ 15.4. ಡಿಗ್ರಿಗೆ 111 ಕಿ.ಮೀ.ನಂತೆ ಗುಣಿಸಿದರೆ 1,709 ಕಿ.ಮೀ. ಊರುಗಳು ಪೂರ್ವ–ಪಶ್ಚಿಮಕ್ಕೆ ಸರಿದಿದ್ದರೆ ಈ ಉಪಾಯ ನಡೆಯದು. ಆಗ ಗೂಗಲ್ ಅರ್ತ್‌ನಲ್ಲಿ ಅಳೆದುಕೊಳ್ಳಿ.

ವಿಮಾನದ ವೇಗ ಗಂಟೆಗೆ ಸುಮಾರು 800 ಕಿ.ಮೀ. ಎಂದಿಟ್ಟುಕೊಂಡು ಈ ದೂರವನ್ನು 800ರಿಂದ ಭಾಗಿಸಿ. ರನ್‌ವೇವರೆಗಿನ ಓಡಾಟ, ಏರುವುದು, ಇಳಿಯುವುದು ಇಷ್ಟಕ್ಕೂ 40 ನಿಮಿಷ ಸೇರಿಸಿ. ದಿಲ್ಲಿಗೆ 2 ಗಂಟೆ 48 ನಿಮಿಷ ಬರುತ್ತದೆ. ಟಿಕೆಟ್‌ನಲ್ಲೂ ಹತ್ತಿರ ಹತ್ತಿರ ಅಷ್ಟೇ ಇರುತ್ತದೆ. ದುಬೈ ಸುಮಾರು 2,700 ಕಿ.ಮೀ., ಅಂದರೆ 4 ಗಂಟೆ. ಚಳಿಗಾಲದಲ್ಲಿ ಎತ್ತರದ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುವುದರಿಂದ ಅಲ್ಲಿಂದ ಬರುವಾಗ ಸ್ವಲ್ಪ ಬೇಗ.

ವಿದೇಶದ ಟಿಕೆಟ್ಟಾದರೆ ಇಲ್ಲಿ ಎಚ್ಚರ ಬೇಕು. ಅದರಲ್ಲಿರುವುದು ಆಯಾ ಊರಿನ ಗಡಿಯಾರದ ಸಮಯ. ಬೆಂಗಳೂರು ಬಿಡುವುದು 10:00, ದುಬೈ ತಲುಪುವುದು 12:30 ಎಂದಿದ್ದರೆ ಹಾರಾಟ ಎರಡೂವರೆ ಗಂಟೆಯಲ್ಲ, ನಾಲ್ಕು ಗಂಟೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದಿದೆ. ಅಲ್ಲಿಂದ ರಾತ್ರಿ 10ಕ್ಕೆ ಹೊರಟ ವಿಮಾನ ಇಲ್ಲಿ ಇಳಿಯುವುದು ಮಾರನೆಯ ದಿನದ ನಸುಕಿನಲ್ಲಿ. ಕರೆತರಲು ಕಾರು ಹೇಳುವಾಗ ತಾರೀಖನ್ನು ಇನ್ನೊಮ್ಮೆ ನೋಡಿ.

ಇನ್ನು ರಸ್ತೆ. ಚನ್ನರಾಯಪಟ್ಟಣ, ಬೆಳ್ಳೂರು ಕ್ರಾಸ್, ಕುಣಿಗಲ್, ನೆಲಮಂಗಲ ದಾಟಿ ದೇವನಹಳ್ಳಿಗೆ ಇನ್ನೂರು ಚಿಲ್ಲರೆ ಕಿ.ಮೀ. ನಾಲ್ಕು ಗಂಟೆ ಇಟ್ಟುಕೊಳ್ಳಿ. ಭಾನುವಾರ ಸಂಜೆಯಾದರೆ ನೆಲಮಂಗಲದ ದಟ್ಟಣೆಗೇ ಇನ್ನೊಂದು ಗಂಟೆ ಬೇಕು.

ಈಗ ಹಿಂದಿನಿಂದ ಎಣಿಸಿ. ದಿಲ್ಲಿ ವಿಮಾನ ಬೆಳಿಗ್ಗೆ 10ಕ್ಕೆ. ನಿಲ್ದಾಣದಲ್ಲಿ ಎರಡು ಗಂಟೆ ಮುಂಚೆ, ಅಂದರೆ 8ಕ್ಕೆ ಇರಬೇಕು (ವಿದೇಶಕ್ಕಾದರೆ ಮೂರು ಗಂಟೆ ಮುಂಚೆ). ದಾರಿಯಲ್ಲಿ ಟೀ ಕುಡಿಯಲು ಅರ್ಧ ಗಂಟೆ ಬಿಟ್ಟರೆ ಹಾಸನ ಬಿಡುವುದು ಮೂರೂವರೆಗೆ. ದಿಲ್ಲಿಯಲ್ಲಿ ಬ್ಯಾಗ್ ತೆಗೆದುಕೊಂಡು ಹೊರಬರುವಾಗ ಮಧ್ಯಾಹ್ನ ಒಂದೂವರೆ. ಒಟ್ಟು ಹತ್ತು ಗಂಟೆ.

ದುಬೈಗೆ ಹೋಗುವವರು ಮಂಗಳೂರನ್ನೂ ನೋಡಿ. ಆಕಾಶದ ದಾರಿ ಸುಮಾರು 250 ಕಿ.ಮೀ. ಕಡಿಮೆ, ಹಾಸನದಿಂದ ಅಲ್ಲಿನ ವಿಮಾನ ನಿಲ್ದಾಣವಿರುವ ಬಜ್ಪೆಗೆ ರಸ್ತೆಯೂ ಕಡಿಮೆ. ತೊಡಕಿರುವುದು ಶಿರಾಡಿ ಘಾಟಿಯಲ್ಲಿ. ಜುಲೈ, ಆಗಸ್ಟ್‌ನಲ್ಲಿ ಗುಡ್ಡ ಕುಸಿದರೆ ಸಂಚಾರವೇ ನಿಲ್ಲುತ್ತದೆ. 2024ರ ಮಳೆಯಲ್ಲಿ ಹಾಗೇ ಆಯಿತು. ಮಳೆಗಾಲದಲ್ಲಿ ಬಜ್ಪೆಯಿಂದಲೇ ಹೋಗಬೇಕೆಂದರೆ ಹಿಂದಿನ ದಿನವೇ ಘಾಟಿ ಇಳಿದು ಮಂಗಳೂರಿನಲ್ಲಿ ಉಳಿದುಕೊಳ್ಳಿ.