ಎರಡು ಮೂರು ದಿನದ ಚಾರಣಕ್ಕೆ ಬ್ಯಾಗ್ ತಗೊಳ್ಳುವವರಿಗೆ

ಕೊಡಚಾದ್ರಿ, ಕುದುರೆಮುಖ ಅಂತ ಸೇರಿಸಿ ಎರಡು ಮೂರು ದಿನ ಬೆಟ್ಟ ಸುತ್ತುವವರಿಗೆ ಹೊದ್ದುಕೊಳ್ಳುವ ಹೊದಿಕೆಯೂ ಸೇರಿ ಎಲ್ಲ ಹಿಡಿಸಲು 50 ಲೀಟರ್ ಬ್ಯಾಗ್ ಸಾಕು. ಟೆಂಟ್ ಹೊರುವುದಾದರೆ 60. ಇನ್ನೂ ದೊಡ್ಡದು ತಗೊಂಡರೆ ಸುಮ್ನೆ ಬೇಡದ್ದೆಲ್ಲ ತುಂಬಿಸುತ್ತೀರಿ.

ಲೀಟರ್‌ಗಿಂತ ಮುಖ್ಯ ಬೆನ್ನಿನ ಅಳತೆ. ಕತ್ತು ಬಗ್ಗಿಸಿದಾಗ ಹಿಂದೆ ಉಬ್ಬುವ ಮೂಳೆಯಿಂದ ಸೊಂಟದ ಮೂಳೆಯ ಮಟ್ಟದವರೆಗೆ ಯಾರಿಂದಾದರೂ ಟೇಪ್ ಹಿಡಿಸಿ ಅಳೆಸಿ. ಇಬ್ಬರ ಎತ್ತರ ಒಂದೇ ಇದ್ದರೂ ಬೆನ್ನಿನ ಉದ್ದ ಬೇರೆ ಇರಬಹುದು. ಅಂಗಡಿಯಲ್ಲೇ ಎಂಟು ಹತ್ತು ಕೆಜಿ ತುಂಬಿಸಿ, ಮೊದಲು ಸೊಂಟದ ಬೆಲ್ಟ್ ಬಿಗಿದು, ಆಮೇಲೆ ಭುಜದ ಪಟ್ಟಿ ಎಳೆದು ಓಡಾಡಿ. ಭಾರ ಜಾಸ್ತಿ ಸೊಂಟದ ಮೇಲೆ ಕೂರಬೇಕು. ಭುಜ ಜಗ್ಗಿದರೆ ಆ ಬ್ಯಾಗ್ ಬೇಡವೇ ಬೇಡ.

ನಮ್ಮ ಮಲೆನಾಡಿನ ಮಳೆಗೆ ರೈನ್ ಕವರ್ ಒಂದನ್ನೇ ನಂಬಬೇಡಿ, ಬೆನ್ನಿನ ಕಡೆಯಿಂದ ನೀರು ಇಳಿಯುತ್ತದೆ. ಬ್ಯಾಗಿನೊಳಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ, ಬಟ್ಟೆ ಅದರಲ್ಲಿಟ್ಟು ಬಾಯಿ ತಿರುಚಿ ಕಟ್ಟಿ.