ಓಡುತ್ತ ಓಡುತ್ತ ನಿಲ್ಲುವ ಹೈಬ್ರಿಡ್ ಕಾರು: ಬ್ಯಾಟರಿ ಬದಲಿಸದೆ ಸರಿ ಮಾಡಿದ ನನ್ನ ಅನುಭವ

ಪೆಟ್ರೋಲ್ ಇಂಜಿನ್ ಜೊತೆ ಬ್ಯಾಟರಿ ಮೋಟಾರೂ ಇರುವ ಹೈಬ್ರಿಡ್ ಕಾರು ರಸ್ತೆ ಮಧ್ಯೆ ನಿಂತಿತು ಅಂದರೆ ನಮ್ಮ ಕಡೆ ಎಲ್ಲರದೂ ಒಂದೇ ಮಾತು: ಬ್ಯಾಟರಿ ಹೋಯ್ತು, ಬದಲಿಸಿ. ಶೋರೂಮಿನಲ್ಲೂ ಅದೇ, ಹೊರಗಿನ ಗ್ಯಾರೇಜಿನಲ್ಲೂ ಅದೇ. ನಾನು ಹುಬ್ಬಳ್ಳಿಯಲ್ಲಿ ಗಾಡಿಗಳ ವೈರಿಂಗ್ ಕೆಲಸ ಮಾಡುತ್ತ ಇಪ್ಪತ್ತು ವರ್ಷದ ಮೇಲಾಯಿತು. ಈ ಕಾರಿಗೆ ಬ್ಯಾಟರಿ ಬೇಕಾಗಿಲ್ಲ ಅಂತ ನಾನು ಹೇಳಿದಾಗ ಜೊತೆಯ ಮೆಕ್ಯಾನಿಕ್‌ಗಳೇ ನಂಬಲಿಲ್ಲ. ಈಗ ಆ ಕಾರು ಒಂದು ಬೇಸಿಗೆ, ಒಂದು ಮಳೆಗಾಲ ದಾಟಿದೆ. ಒಮ್ಮೆಯೂ ನಿಂತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕಾರು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಒಬ್ಬರದು. ಕಂಪನಿ ಹೆಸರು ಬೇಡ. ನಿಕಲ್ ಬ್ಯಾಟರಿಯ ಹಳೆ ಹೈಬ್ರಿಡ್ ಸೆಡಾನ್, ಲಕ್ಷ ಕಿಲೋಮೀಟರ್ ದಾಟಿ ಬಹಳ ದಿನ ಆಗಿತ್ತು. ಮೋಟೆಬೆನ್ನೂರಿನಲ್ಲಿ ಹೈವೇ ಹತ್ತಿ ಹುಬ್ಬಳ್ಳಿ ಕಡೆ ಹೊರಟರೆ ಹಾವೇರಿ ದಾಟುವವರೆಗೂ ಚೆನ್ನಾಗಿರುತ್ತದೆ. ಬಂಕಾಪುರ ಕ್ರಾಸ್ ಆಸುಪಾಸು, ಇಲ್ಲ ಶಿಗ್ಗಾಂವಿ ಹತ್ತಿರ ಬರುವಾಗ ಕೆಂಪು ತ್ರಿಕೋನ ಉರಿಯುತ್ತದೆ, ರೆಡಿ ದೀಪ ಆರುತ್ತದೆ, ಪಿಕಪ್ ಪೂರ್ತಿ ಸತ್ತುಹೋಗುತ್ತದೆ. ಹಿಂದೆ ಲಾರಿ, ಮುಂದೆ ಬಸ್ಸು, ನೀವು ತೊಂಬತ್ತರ ಸ್ಪೀಡಿನಲ್ಲಿ. ಹೇಗೋ ಪಕ್ಕಕ್ಕೆ ತಂದು ಆಫ್ ಮಾಡಿ ಹತ್ತು ನಿಮಿಷ ಬಿಟ್ಟರೆ ಏನೂ ಆಗಿಲ್ಲ ಅನ್ನುವ ಹಾಗೆ ಮತ್ತೆ ಓಡುತ್ತದೆ. "ತಮ್ಮಾ, ಹೆಂಡ್ರು ಮಕ್ಕಳನ್ನ ಕೂರಿಸ್ಕೊಂಡು ಹೋಗಾಕ ಧೈರ್ಯ ಸಾಲವಲ್ದು" ಅಂದರು ಸಾವಕಾರರು. ಆ ಮಾತು ಕೇಳಿದ ಮೇಲೆ ಕಾರು ವಾಪಸ್ ಕಳಿಸಲು ಮನಸ್ಸಾಗಲಿಲ್ಲ.

ನನ್ನ ಹತ್ತಿರ ಬರುವಷ್ಟರಲ್ಲಿ ಅವರು ಸಾಕಷ್ಟು ಸುರಿದಿದ್ದರು. 12 ವೋಲ್ಟಿನ ಸಣ್ಣ ಬ್ಯಾಟರಿ ಹೊಸದು, ಹತ್ತು ಸಾವಿರದ ಹತ್ತಿರ. ಥ್ರಾಟಲ್ ಬಾಡಿ ಕ್ಲೀನಿಂಗ್. ಪೆಟ್ರೋಲ್ ಪಂಪ್ ಬದಲಿಸಿದ್ದರು, ಇನ್ವರ್ಟರ್‌ಗೆ (ಬ್ಯಾಟರಿ ಕರೆಂಟನ್ನು ಮೋಟಾರಿಗೆ ತಕ್ಕಂತೆ ಬದಲಿಸುವ ಪೆಟ್ಟಿಗೆ) ಕೂಲಂಟ್ ತಿರುಗಿಸುವ ಪುಟ್ಟ ಪಂಪನ್ನೂ ಬದಲಿಸಿದ್ದರು. ಎಲ್ಲ ಸೇರಿ ನಲವತ್ತು ಸಾವಿರಕ್ಕೆ ಕಮ್ಮಿ ಇಲ್ಲ. ಈ ಒಂದೊಂದೂ ಹೈಬ್ರಿಡ್ ಕಾರನ್ನು ನಿಲ್ಲಿಸಬಲ್ಲದು ನಿಜ, ಆದರೆ ಕಾರು ನಿಲ್ಲುವುದು ನಿಲ್ಲಲಿಲ್ಲ. ಕೊನೆಗೆ ಸಿಕ್ಕಿದ್ದು ದೊಡ್ಡ ಹೈಬ್ರಿಡ್ ಬ್ಯಾಟರಿಯ ಕೊಟೇಶನ್, ಮೂರು ಲಕ್ಷದ ಮೇಲೆ.

ನನ್ನ ದೋಸ್ತ ಒಬ್ಬ ಇನ್ವರ್ಟರ್ ಮೇಲೆ ಬೆರಳಿಟ್ಟ. ಅವನ ಮಾತು ಸುಮ್ನೆ ತೆಗೆದುಹಾಕುವಂಥದ್ದಲ್ಲ. 2014ರಲ್ಲಿ ಟೊಯೊಟಾ ಜಗತ್ತಿನಾದ್ಯಂತ ಸುಮಾರು 19 ಲಕ್ಷ ಪ್ರಿಯಸ್ ಕಾರುಗಳನ್ನು ವಾಪಸ್ ಕರೆಸಿತ್ತು. ಇನ್ವರ್ಟರ್ ಒಳಗಿನ ಟ್ರಾನ್ಸಿಸ್ಟರ್ ಅತಿಯಾಗಿ ಕಾದು ಕಾರು ನಿಲ್ಲಬಹುದು ಅಂತ ಸಾಫ್ಟ್‌ವೇರ್ ಬದಲಿಸಿದರು. 2018ರಲ್ಲಿ ಮತ್ತೆ 24 ಲಕ್ಷದಷ್ಟು ಹೈಬ್ರಿಡ್‌ಗಳು: ತೊಂದರೆ ಬಂದಾಗ ಕಡಿಮೆ ಪವರ್‌ನಲ್ಲಾದರೂ ಓಡಬೇಕಾದ ಕಾರು ಪೂರ್ತಿ ಆಫ್ ಆಗಬಹುದು ಅನ್ನುವ ಕಾರಣಕ್ಕೆ. ಹಾಗಾಗಿ ಯಾವ ಹೈಬ್ರಿಡ್ ಬಂದರೂ ಮೊದಲು ಚಾಸಿ ನಂಬರ್ ಹಾಕಿ ರೀಕಾಲ್ ಬಾಕಿ ಇದೆಯಾ ನೋಡಿ, ಅದಕ್ಕೆ ದುಡ್ಡು ಬೀಳುವುದಿಲ್ಲ. ಈ ಕಾರಿಗೆ ಯಾವ ರೀಕಾಲೂ ಇರಲಿಲ್ಲ. ಇನ್ವರ್ಟರ್ ಟೆಂಪರೇಚರ್ ಕೂಡ ಸರಿಯಾಗಿತ್ತು.

ಸ್ಕ್ಯಾನರ್‌ನಲ್ಲಿ ಬಂದ ಕೋಡ್ ಪಿ0ಎ80. ಅದರ ಮುಂದೆ "ಹೈಬ್ರಿಡ್ ಬ್ಯಾಟರಿ ಪ್ಯಾಕ್ ಬದಲಿಸಿ" ಅಂತಲೇ ಬರೆದಿರುತ್ತದೆ. ಗಿರಾಕಿಗೆ ಆ ಸ್ಕ್ರೀನ್ ತೋರಿಸಿದರೆ ಮುಗೀತು, ಯಾರೂ ಎರಡನೇ ಮಾತಾಡುವುದಿಲ್ಲ. ಆದರೆ ಬ್ಯಾಟರಿ ಕಂಪ್ಯೂಟರ್ ನಿಜವಾಗಿ ಹೇಳುತ್ತಿರುವುದು ಇಷ್ಟೇ: ಬ್ಲಾಕ್ ಬ್ಲಾಕ್ (ಪ್ಯಾಕಿನೊಳಗಿನ ಸೆಲ್‌ಗಳ ಗುಂಪು) ನಡುವೆ ವೋಲ್ಟೇಜ್ ವ್ಯತ್ಯಾಸ ಜಾಸ್ತಿ ಆಗಿದೆ. ವ್ಯತ್ಯಾಸ ಯಾಕೆ ಬಂತು ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಅದನ್ನು ನಾವು ನೋಡಬೇಕು, ಅದೂ ಲೋಡ್ ಮೇಲೆ, ಅಂದರೆ ಬ್ಯಾಟರಿಯಲ್ಲಿ ಕರೆಂಟ್ ಹರಿಯುವಾಗ ನೋಡಬೇಕು. ನಿಂತ ಕಾರಿನಲ್ಲಿ ಎಲ್ಲ ಬ್ಲಾಕೂ 16 ವೋಲ್ಟ್ ಆಸುಪಾಸು ಚೆಂದಗೆ ತೋರಿಸುತ್ತವೆ.

ಮೊದಲು ಕಾರಿನ ಕಂಪ್ಯೂಟರ್ ಓದಿ ಫೋನಿಗೆ ಕಳಿಸುವ ಐದುನೂರು ರೂಪಾಯಿಯ ಬ್ಲೂಟೂತ್ ಡಾಂಗಲ್ ಹಾಕಿ ನೋಡಿದೆ. ತುಂಬಾ ನಿಧಾನ, ಎರಡು ಮೂರು ಸೆಕೆಂಡಿಗೆ ಒಂದು ರೀಡಿಂಗ್, ಅಷ್ಟರಲ್ಲಿ ಕರೆಂಟೇ ಬದಲಾಗಿರುತ್ತದೆ. ಆಮೇಲೆ ನಾಲ್ಕು ಸಾವಿರ ಚಿಲ್ಲರೆ ಕೊಟ್ಟು ಒಳ್ಳೆಯದು ತರಿಸಿದೆ. ಬ್ಲಾಕ್ ವೋಲ್ಟೇಜ್ ಮತ್ತು ಆಂಪಿಯರ್ ಎರಡನ್ನೂ ಒಟ್ಟಿಗೆ ಫೋನಿನಲ್ಲಿ ಲಾಗ್ ಮಾಡಬೇಕು (ದಾಖಲಿಸಬೇಕು), ಬೇರೆ ಬೇರೆ ಮಾಡಿದರೆ ಏನೂ ಉಪಯೋಗವಿಲ್ಲ. ಹುಬ್ಬಳ್ಳಿ ಧಾರವಾಡ ನಡುವೆ ಓಡಿಸಿದರೆ ಸಾಲುವಷ್ಟು ಲೋಡ್ ಬೀಳಲಿಲ್ಲ. ಹಾಗಾಗಿ ಯಲ್ಲಾಪುರ ದಾಟಿ ಅರಬೈಲ್ ಘಾಟಿಗೆ ಹೋದೆ. ಇಳಿಯುವಾಗ ಬ್ಯಾಟರಿ ಚಾರ್ಜ್ ಆಗುತ್ತಲೇ ಇರುತ್ತದೆ, ಹತ್ತುವಾಗ ಡಿಸ್ಚಾರ್ಜ್. ಇದಕ್ಕಿಂತ ಒಳ್ಳೆಯ ಟೆಸ್ಟ್ ಬೆಂಚ್ ನಮ್ಮ ಕಡೆ ಇಲ್ಲ. ಡ್ರೈವಿಂಗ್‌ಗೆ ಒಬ್ಬ, ಫೋನ್ ನೋಡಲು ಒಬ್ಬ ಬೇಕೇ ಬೇಕು.

ಲಾಗ್ ನೋಡಿದ ತಕ್ಷಣ ಒಂದು ಬ್ಲಾಕ್ ಸಿಕ್ಕಿಬಿತ್ತು. ಹತ್ತುವಾಗ ಎಂಬತ್ತು ಆಂಪಿಯರ್ ಎಳೆದರೆ ಉಳಿದವಕ್ಕಿಂತ ಒಂದೂವರೆ ವೋಲ್ಟ್ ಕೆಳಗೆ. ಇಳಿಯುವಾಗ ನಲವತ್ತು ಆಂಪಿಯರ್ ಒಳಗೆ ಹೋದರೆ ಮುಕ್ಕಾಲು ವೋಲ್ಟ್ ಮೇಲೆ. ಇಲ್ಲಿಯವರೆಗೆ ಯಾರಾದರೂ ಸೆಲ್ ವೀಕ್ ಅಂತಲೇ ಹೇಳುತ್ತಾರೆ. ಆದರೆ ಆಕ್ಸಲರೇಟರ್‌ನಿಂದ ಕಾಲು ತೆಗೆದು ಕರೆಂಟ್ ಸೊನ್ನೆಗೆ ಬಂದ ಕ್ಷಣ ವ್ಯತ್ಯಾಸ ಮಾಯ! ವೀಕ್ ಸೆಲ್ ಹಾಗೆ ಮಾಡುವುದಿಲ್ಲ. ಅದು ನಿಧಾನಕ್ಕೆ ಕುಸಿಯುತ್ತದೆ, ಲೋಡ್ ತೆಗೆದ ಮೇಲೂ ಸ್ವಲ್ಪ ಹೊತ್ತು ಕೆಳಗೇ ಇದ್ದು ನಿಧಾನಕ್ಕೆ ಏಳುತ್ತದೆ. ಕರೆಂಟಿನ ಜೊತೆ ಕುಣಿಯುವುದು ಹೆಚ್ಚಾಗಿ ಜಾಯಿಂಟ್. ಇನ್ನೊಂದು ಗುರುತು ಹೇಳುತ್ತೇನೆ: ಒಂದು ಬ್ಲಾಕ್ ಮೇಲೆ ಹೋದಾಗಲೆಲ್ಲ ಪಕ್ಕದ ಬ್ಲಾಕ್ ಅಷ್ಟೇ ಕೆಳಗೆ ಹೋದರೆ ಅದು ಸೆನ್ಸ್ ವೈರ್ (ವೋಲ್ಟೇಜ್ ಅಳೆಯುವ ಸಣ್ಣ ವೈರ್) ತೊಂದರೆ, ಯಾಕಂದರೆ ಎರಡಕ್ಕೂ ನಡುವಿನ ವೈರ್ ಒಂದೇ. ಗದಗದ ಕಾರೊಂದರಲ್ಲಿ ಹಾಗೇ ಸಿಕ್ಕಿತ್ತು, ರಿಂಗ್ ಟರ್ಮಿನಲ್ ಬದಲಿಸಿದರೆ ಸರಿಯಾಯಿತು.

ಕಾರು ದೂರ ಓಡಿದ ಮೇಲೇ ಯಾಕೆ ನಿಲ್ಲುತ್ತಿತ್ತು ಅನ್ನುವುದೂ ಇದರಿಂದ ಬಗೆಹರಿಯಿತು. ಎಂಬತ್ತು ಆಂಪಿಯರ್, ಒಂದೂವರೆ ವೋಲ್ಟ್ ಅಂದರೆ ಆ ಒಂದು ಜಾಯಿಂಟ್‌ನಲ್ಲೇ ನೂರು ವಾಟಿಗೂ ಜಾಸ್ತಿ ಬಿಸಿ. ಕಾದಷ್ಟೂ ಕಾಂಟ್ಯಾಕ್ಟ್ ಕೆಡುತ್ತದೆ. ಕೊನೆಗೆ ಕಂಪ್ಯೂಟರ್ ಮೇನ್ ರಿಲೇ ತೆಗೆದು ಬ್ಯಾಟರಿಯ ಸಂಪರ್ಕವನ್ನೇ ಕಡಿದುಬಿಡುತ್ತದೆ. ಇಂಥ ಕಾರಿಗೆ ಬೇರೆ ಸ್ಟಾರ್ಟರ್ ಇಲ್ಲ, ಮೋಟಾರ್ ಸಹಾಯ ಇಲ್ಲದೆ ಇಂಜಿನ್ ಒಂದೇ ಗಾಡಿ ಎಳೆಯುವುದೂ ಇಲ್ಲ.

ಪ್ಯಾಕ್ ಬಿಚ್ಚುವ ಮುಂಚೆ ಸರ್ವಿಸ್ ಪ್ಲಗ್ (ಪ್ಯಾಕಿನ ಸರ್ಕ್ಯೂಟ್ ಕಡಿಯುವ ಪ್ಲಗ್) ತೆಗೆದು ಜೇಬಿಗೆ ಹಾಕಿಕೊಳ್ಳಿ. ಕಮ್ಮಿ ಅಂದರೂ ಹತ್ತು ನಿಮಿಷ ಕಾಯಿರಿ, ಮೀಟರ್ ಹಿಡಿದು ನೋಡಿ. 1000 ವೋಲ್ಟಿನ ಗ್ಲೌಸ್ ಇಲ್ಲದಿದ್ದರೆ ಈ ಕೆಲಸಕ್ಕೆ ಇಳಿಯಲೇಬೇಡಿ. ಪ್ಲಗ್ ತೆಗೆದರೂ ಮಾಡ್ಯೂಲ್‌ಗಳಲ್ಲಿ (ಬ್ಲಾಕಿನೊಳಗಿನ ಸೆಲ್ ತುಂಬಿದ ಡಬ್ಬಿಗಳು) ಜೀವ ಇದ್ದೇ ಇರುತ್ತದೆ. ಇದನ್ನು ಹಗುರವಾಗಿ ತೆಗೆದುಕೊಂಡವರು ಪ್ರಾಣ ಕಳೆದುಕೊಳ್ಳುತ್ತಾರೆ.

ಬ್ಯಾಟರಿ ತಣ್ಣಗಿಡುವ ಫ್ಯಾನ್ ಹೊರಗೆ ತೆಗೆದಾಗ ಗ್ಯಾರೇಜಿನಲ್ಲಿದ್ದವರೆಲ್ಲ ಸೀನಿದರು. ರೆಕ್ಕೆಗಳ ಮೇಲೆ ಮೆಣಸಿನಕಾಯಿ ಧೂಳು ಕೆಂಪಗೆ ಮೆತ್ತಿಕೊಂಡಿತ್ತು, ನಡುನಡುವೆ ಬೀಜ. ಸಾವಕಾರರು ಸ್ಯಾಂಪಲ್ ಚೀಲಗಳನ್ನು ಹಿಂದಿನ ಸೀಟಿನ ಮೇಲೆ ಇಟ್ಟು ಓಡಾಡುತ್ತಿದ್ದರು, ಬ್ಯಾಟರಿಗೆ ಗಾಳಿ ಹೋಗುವ ಜಾಲರಿ ಅದೇ ಸೀಟಿನ ಪಕ್ಕ! ಗಾಳಿ ಇಲ್ಲದೆ ಪ್ಯಾಕ್ ಕಾದು, ಟರ್ಮಿನಲ್ ಬುಡದಲ್ಲಿ ಎಲೆಕ್ಟ್ರೋಲೈಟ್ ಜಿನುಗಿ, ಆ ಬ್ಲಾಕಿನ ಬಸ್ ಬಾರ್ (ಮಾಡ್ಯೂಲ್‌ಗಳನ್ನು ಜೋಡಿಸುವ ತಾಮ್ರದ ಪಟ್ಟಿ) ಮೇಲೆ ಹಸಿರು ಹುಡಿ ಕಟ್ಟಿತ್ತು. ನಟ್ಟಿನ ಕೆಳಗೆ ತಾಮ್ರ ಕರ್ರಗಾಗಿತ್ತು.

ಬಸ್ ಬಾರ್ ಕ್ಲೀನ್ ಮಾಡುವುದರಲ್ಲಿ ನಾನು ಬಹಳ ಪ್ರಯೋಗ ಮಾಡಿದ್ದೇನೆ. ಸ್ಯಾಂಡ್ ಪೇಪರ್ ಹಾಕಿದರೆ ನಿಕಲ್ ಲೇಪ ಹೋಗುತ್ತದೆ, ಎರಡು ಮೂರು ತಿಂಗಳಲ್ಲಿ ಮತ್ತೆ ಹಸಿರು. ವಿನೆಗರ್ ಪರವಾಗಿಲ್ಲ. ಹಳೆ ಪ್ಯಾಕಿನ ಬಾರ್‌ಗಳನ್ನು ಹುಣಸೆ ರಸದಲ್ಲಿ ರಾತ್ರಿಯಿಡೀ ನೆನೆಸಿಟ್ಟು ನೋಡಿದೆ, ವಿನೆಗರ್‌ಗಿಂತ ಚೆನ್ನಾಗಿ ಬಂತು. ಆಮೇಲೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಕೊನೆಗೆ ತಾರಿಹಾಳದಲ್ಲಿ ಪ್ಲೇಟಿಂಗ್ ಮಾಡುವವರ ಹತ್ತಿರ ಹೊಸದಾಗಿ ನಿಕಲ್ ಹಾಕಿಸಿದೆ, ಎಲ್ಲ ಬಾರ್ ಸೇರಿ ಎರಡೂವರೆ ಸಾವಿರದೊಳಗೆ. ಮೊದಲು ಅವರು ಇಷ್ಟು ಸಣ್ಣ ಕೆಲಸ ತಗೊಳ್ಳಲ್ಲ ಅಂದರು, ಕೂತು ಒಪ್ಪಿಸಿದೆ. ನಟ್ ಬಿಗಿಯುವಾಗ ಟಾರ್ಕ್ ರೆಂಚ್ ಬೇಕು, ಐದೂವರೆ ನ್ಯೂಟನ್ ಮೀಟರ್ ದಾಟಬಾರದು. ಕೈ ಅಂದಾಜಿನಲ್ಲಿ ಬಿಗಿದರೆ ಬೋಲ್ಟ್ ಮಾಡ್ಯೂಲ್ ಒಳಗೇ ತಿರುಗುತ್ತದೆ, ಆಗ ಆ ಮಾಡ್ಯೂಲ್ ಕಸ. ಪ್ಲೇಟಿಂಗ್ ಮೇಲೆ ಏನು ಹಚ್ಚುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಅನ್ನ.

ಬಿಚ್ಚಿದ್ದು ಬಿಚ್ಚಿದೆ ಅಂತ ಎರಡೆರಡು ಮಾಡ್ಯೂಲ್‌ಗೆ 55 ವಾಟಿನ ಹೆಡ್‌ಲೈಟ್ ಬಲ್ಬ್ ಹಾಕಿ ಎರಡು ನಿಮಿಷ ಉರಿಸಿ ನೋಡಿದೆ. ಎಲ್ಲದರ ವೋಲ್ಟೇಜೂ ಹತ್ತಿರ ಹತ್ತಿರ ನಿಂತಿತು. ಮೂರು ಲಕ್ಷಕ್ಕೆ ಬಿಸಾಡಲು ಹೊರಟಿದ್ದ ಬ್ಯಾಟರಿ ಅದು! ಜೋಡಿಸಿದ ಮೇಲೆ ಇನ್ನೊಂದು ಟೆಸ್ಟ್ ಮಾಡಿದೆ. ಏಪ್ರಿಲ್ ಬಿಸಿಲಿನಲ್ಲಿ ಜಾಲರಿಗೆ ಚೀಲ ಅಡ್ಡ ಇಟ್ಟು ಹಾವೇರಿವರೆಗೆ ಹೋದರೆ ಪ್ಯಾಕ್ 50 ಡಿಗ್ರಿ ಮುಟ್ಟಿತು. ಬರುವಾಗ ಚೀಲ ಡಿಕ್ಕಿಗೆ ಹಾಕಿ ಎಸಿ ಆನ್ ಮಾಡಿದೆ, 40ರ ಆಸುಪಾಸು ನಿಂತಿತು. ಆ ನಂಬರ್ ಸಾವಕಾರರಿಗೆ ತೋರಿಸಿದೆ. ಜಾಲರಿಗೆ ತೊಳೆಯಲು ಬರುವ ತೆಳು ಫಿಲ್ಟರ್ ಹಾಕಿಕೊಟ್ಟಿದ್ದೇನೆ, ತಿಂಗಳಿಗೊಮ್ಮೆ ತೊಳೆಯುತ್ತಾರೆ.

ನನ್ನ ಬಿಲ್ ಕೂಲಿ ಸೇರಿ ಇಪ್ಪತ್ತೆರಡು ಸಾವಿರದ ಹತ್ತಿರ. ಅದರಲ್ಲಿ ಘಾಟಿಗೆ ಹೋಗಿಬಂದ ಪೆಟ್ರೋಲೂ ಇದೆ. ಇನ್ವರ್ಟರ್ ಅಂದಿದ್ದ ದೋಸ್ತ ಈಗ ಕೋಡ್ ಪಿ0ಎ80 ಬಂದರೆ ಲಾಗ್ ತೆಗೆದು ನನಗೆ ಕಳಿಸುತ್ತಾನೆ.

ಒಂದು ವಿಷಯ ನೆನಪಿರಲಿ. ಈ ಲೆಕ್ಕವೆಲ್ಲ ನಿಕಲ್ ಪ್ಯಾಕಿಗೆ. 2022ರಲ್ಲಿ ಬಂದ ಗ್ರ್ಯಾಂಡ್ ವಿಟಾರಾ, ಹೈರೈಡರ್ ಹೈಬ್ರಿಡ್‌ಗಳಲ್ಲಿ ಇರುವುದು ಲಿಥಿಯಂ. ಅದಕ್ಕೆ ಹುಣಸೆ ರಸ, ಹೆಡ್‌ಲೈಟ್ ಬಲ್ಬ್ ಹಿಡಿದುಕೊಂಡು ಹೋಗಬೇಡಿ. ಲಾಗ್ ಮಾತ್ರ ಅಲ್ಲೂ ತೆಗೆಯಿರಿ.