ಭಿನ್ನರಾಶಿಗಳ ಛೇದ ಬೇರೆಯಾದರೆ ಕೂಡಿಸುವುದು ಹೇಗೆ? ಗುಂಟೆ ಲೆಕ್ಕ ಹಾಕಿ ನೋಡಿ

ಶಿರಸಿ ಕಡೆಯ ಅಡಿಕೆ ತೋಟದ ಮನೆಗಳಲ್ಲಿ ಹಿಸ್ಸೆಯ ಮಾತು ಬಂದರೆ ಕಾಲು, ಅರ್ಧ, ಮುಕ್ಕಾಲು ಎಲ್ಲರ ಬಾಯಲ್ಲೂ ಸಲೀಸು. ಅದೇ ಮನೆಯ ಆರನೇ ತರಗತಿಯ ಹುಡುಗಿ ಮಾತ್ರ 1/4 + 2/5 ನೋಡಿ ಪೆನ್ಸಿಲ್ ಕಚ್ಚುತ್ತಾ ಕೂರುತ್ತಾಳೆ. ಕೊನೆಗೆ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಸೇರಿಸಿ 3/9 ಅಂತ ಬರೆದುಬಿಡುತ್ತಾಳೆ.

ಬೈಯಬೇಡಿ. ತೋಟದ ಲೆಕ್ಕ ಹಾಕಿ ತೋರಿಸಿ. ಎಕರೆಗೆ 40 ಗುಂಟೆ. ಕಾಲೆಕರೆ ಅಂದರೆ 10 ಗುಂಟೆ. ಎಕರೆಯನ್ನು ಐದು ಪಾಲು ಮಾಡಿದರೆ ಒಂದೊಂದು ಪಾಲು 8 ಗುಂಟೆ, ಎರಡು ಪಾಲಿಗೆ 16. ಒಟ್ಟು 26 ಗುಂಟೆ. ಅವಳ 3/9 ಅಂದರೆ ಮೂರರಲ್ಲಿ ಒಂದು ಪಾಲು, 13 ಗುಂಟೆ ಚಿಲ್ಲರೆ. 16 ಗುಂಟೆ ಇದ್ದವರಿಗೆ ಮತ್ತೆ 10 ಗುಂಟೆ ಸಿಕ್ಕಿ ತೋಟ 13ಕ್ಕೆ ಇಳಿಯಿತು! ನಗು ಬರುತ್ತದೆ, ಬರಲಿ.

ನಾವು ಮಾಡಿದ್ದೇನು? 1/4 ಅನ್ನು 10/40 ಮಾಡಿದೆವು, 2/5 ಅನ್ನು 16/40. ಛೇದ, ಅಂದರೆ ಕೆಳಗಿನ ಸಂಖ್ಯೆ, ಒಂದೇ ಆದ ಮೇಲೆ ಅಂಶಗಳನ್ನಷ್ಟೇ, ಅಂದರೆ ಮೇಲಿನ ಸಂಖ್ಯೆಗಳನ್ನಷ್ಟೇ ಕೂಡಿಸುವುದು. ಗುಂಟೆಗೆ ಗುಂಟೆ ಸೇರಿದರೆ ಗುಂಟೆಯೇ ಅಲ್ವಾ, ಹಾಗಾಗಿ 40 ಮುಟ್ಟುವಂತಿಲ್ಲ. 26/40 ಬಂತು. ಮೇಲೆ ಕೆಳಗೆ ಎರಡರಿಂದ ಭಾಗಿಸಿದರೆ 13/20.

ಆದರೆ ಎಲ್ಲದಕ್ಕೂ ಗುಂಟೆ ಒಗ್ಗುವುದಿಲ್ಲ. 1/6 + 3/8 ತಗೊಳ್ಳಿ. 40 ಗುಂಟೆಯನ್ನು ಆರು ಪಾಲು ಮಾಡಲು ಹೋದರೆ 4 ಗುಂಟೆ ಉಳಿದುಬಿಡುತ್ತದೆ. ಆಗ ದೊಡ್ಡ ಛೇದದ ಮಗ್ಗಿ ಹೇಳುತ್ತಾ ಹೋಗಿ: 8, 16, 24. ಆರರ ಮಗ್ಗಿಯಲ್ಲೂ ಸಿಗುವ ಮೊದಲ ಸಂಖ್ಯೆ 24. ಶಾಲೆಯಲ್ಲಿ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಅನ್ನುವುದು ಇದಕ್ಕೇ. 6 ಅನ್ನು 24 ಮಾಡಲು ನಾಲ್ಕರಿಂದ ಗುಣಿಸಬೇಕು, ಮೇಲಿನ 1 ಅನ್ನೂ ಅಷ್ಟರಿಂದಲೇ. 4/24. ಇನ್ನೊಂದಕ್ಕೆ ಮೂರರಿಂದ, 9/24. ಉತ್ತರ 13/24. ಮಕ್ಕಳು ಜಾಸ್ತಿ ಎಡವುವುದು ಇಲ್ಲೇ: ಕೆಳಗೆ ಗುಣಿಸುತ್ತಾರೆ, ಮೇಲೆ ಮರೆಯುತ್ತಾರೆ.

ಲ.ಸಾ.ಅ. ಹೊಳೆಯದಿದ್ದರೆ ಸುಮ್ನೆ 6 × 8 = 48 ಇಟ್ಟುಕೊಳ್ಳಿ. 8/48 + 18/48 = 26/48. ಇಳಿಸಿದರೆ ಅದೇ 13/24.

ಮನೆಯಲ್ಲಿ ಎಂಬತ್ತು ದಾಟಿದ ಅಜ್ಜ ಇದ್ದರೆ ಇದನ್ನೇ ರೂಪಾಯಿಯಲ್ಲಿ ಕೇಳಿ. 1957ಕ್ಕೆ ಮೊದಲು ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಒಟ್ಟು 192 ಪೈ. ಆರರಲ್ಲಿ ಒಂದು ಪಾಲು 32 ಪೈ, ಎಂಟರಲ್ಲಿ ಮೂರು ಪಾಲು 72 ಪೈ. ಸೇರಿಸಿದರೆ 104 ಪೈ, ಅಂದರೆ ಎಂಟಾಣೆ ಎಂಟು ಪೈ. 104/192 ಅನ್ನು ಎಂಟರಿಂದ ಇಳಿಸುವ ಕೆಲಸ ಮಾತ್ರ ಮೊಮ್ಮಗಳಿಗೆ ಬಿಡಿ.